ಟ್ರೇನರ್ ಅಂಕಿಅಂಶ ಹಿಡಿದು ರೇಸ್ ಅಳೆಯುವುದು ಹೇಗೆ?

ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಮೈಸೂರಿನಲ್ಲಿ ಕುದುರೆ ರೇಸ್ ಸೀಸನ್. ಕಾಫಿ ಕೊಯ್ಲು ಇನ್ನೂ ಶುರುವಾಗಿರದ ಆ ದಿನಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸ್‌ಗೆ ಹೋಗಿಬರುವವರು ಇದ್ದೇ ಇರುತ್ತಾರೆ. ಹಾಸನದಲ್ಲಿ ಕಾಫಿಗೆ ಕಾರು ನಿಲ್ಲಿಸುವಷ್ಟರಲ್ಲಿ ಮಾತು ಕುದುರೆಗಳನ್ನು ತಯಾರು ಮಾಡುವ ಟ್ರೇನರ್‌ಗಳ ಮೇಲೆ ಬಂದಿರುತ್ತದೆ: ‘ಈ ಸೀಸನ್ ಅವರ ಸ್ಟೇಬಲ್ (ಲಾಯ) ಫಾರ್ಮ್‌ನಲ್ಲಿದೆ’, ‘ಇವರ ಕುದುರೆ ಮೊದಲ ಓಟಕ್ಕೆ ಗೆಲ್ಲಲ್ಲ ಬಿಡಿ’. ಇಂಥ ಮಾತು ಸುಳ್ಳು ಅಂತಲ್ಲ. ಆದರೆ ಅದರ ಹಿಂದೆ ಬರೆದಿಟ್ಟ ಲೆಕ್ಕ ಇದೆಯೇ ಅಂತ ಕೇಳಿದರೆ ಹೆಚ್ಚಿನವರ ಬಳಿ ಇರುವುದಿಲ್ಲ. ಆ ಲೆಕ್ಕ ಇಡುವುದು, ಓದುವುದು, ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ತೀರ್ಮಾನಿಸುವುದು ಹೇಗೆ ಎಂಬುದೇ ಈ ಲೇಖನ.

ಟ್ರೇನರ್ ನೂರಕ್ಕೆ ಎಷ್ಟು ಗೆದ್ದರು ಎಂಬ ಒಂದೇ ಸಂಖ್ಯೆಯಿಂದ ಸಿಗುವ ಉಪಯೋಗ ಬಹಳ ಕಡಿಮೆ. ಎಂಥ ಕುದುರೆಯನ್ನು, ಎಂಥ ಹೊತ್ತಿನಲ್ಲಿ ಓಡಿಸಿದಾಗ ಗೆದ್ದರು? ಆ ಗೆಲುವಿಗೆ ಸಿಕ್ಕ ಆಡ್ಸ್ (ಹಾಕಿದ ದುಡ್ಡಿಗೆ ಎಷ್ಟು ಪಟ್ಟು ಕೊಡುತ್ತಾರೆ ಎಂಬ ದರ) ಏನು? ಕೆಲಸಕ್ಕೆ ಬರುವುದು ಈ ಎರಡು ಪ್ರಶ್ನೆಗಳ ಉತ್ತರ.

ಮೊದಲು ಒಂದು ಪುಸ್ತಕ

ಮೈಸೂರು ರೇಸ್ ಕ್ಲಬ್ (1891) ಮತ್ತು ಬೆಂಗಳೂರು ಟರ್ಫ್ ಕ್ಲಬ್ (1921) ಎರಡೂ ರೇಸ್ ಕಾರ್ಡ್ (ಆ ದಿನದ ಓಟಗಳ, ಕುದುರೆಗಳ ಪಟ್ಟಿ), ಫಲಿತಾಂಶಗಳನ್ನು ತಮ್ಮ ವೆಬ್‌ಸೈಟ್‌ಗಳಲ್ಲಿ ಹಾಕುತ್ತವೆ. ಮನೆಯಲ್ಲೇ ಕೂತು ಎಲ್ಲವನ್ನೂ ಬರೆದುಕೊಳ್ಳಬಹುದು. ನೂರು ಪುಟದ ಲೆಕ್ಕದ ಪುಸ್ತಕ ಸಾಕು; ಕಂಪ್ಯೂಟರ್ ಬಲ್ಲವರು ಎಕ್ಸೆಲ್‌ನಲ್ಲಿ ಮಾಡಿಕೊಳ್ಳಲಿ. ಒಬ್ಬೊಬ್ಬ ಟ್ರೇನರ್‌ಗೆ ಒಂದೊಂದು ಪುಟ, ಒಂದೊಂದು ಓಟಕ್ಕೆ ಒಂದೊಂದು ಸಾಲು.

ಸಾಲಿನಲ್ಲಿ ಏನಿರಬೇಕು? ತಾರೀಖು, ಕುದುರೆಯ ಹೆಸರು, ವಯಸ್ಸು (ನಮ್ಮ ದೇಶದಲ್ಲಿ ಎಲ್ಲ ರೇಸ್ ಕುದುರೆಗಳಿಗೂ ಜನವರಿ 1ಕ್ಕೆ ಒಂದು ವರ್ಷ ಕೂಡುತ್ತದೆ), ದೂರ, ಯಾವ ಕ್ಲಾಸ್ (ಕುದುರೆಗಳ ಸಾಮರ್ಥ್ಯದ ದರ್ಜೆ), ಎಷ್ಟು ಕುದುರೆ ಓಡಿದವು, ಹಿಂದಿನ ಓಟ ಆಗಿ ಎಷ್ಟು ದಿನ, ಜಾಕಿ ಯಾರು, ಓಟದ ಹೊತ್ತಿಗೆ ಆಡ್ಸ್ ಎಷ್ಟು, ಎಷ್ಟನೇ ಸ್ಥಾನ. ಲಾಳದ ವಿವರವನ್ನೂ ಬಿಡಬೇಡಿ. ಕಾರ್ಡಿನಲ್ಲಿ ಕುದುರೆಯ ಹೆಸರಿನ ಸಾಲಿನಲ್ಲೇ ‘ಎ’ ಅಥವಾ ‘ಎಸ್’ ಅಂತ ಇರುತ್ತದೆ: ಎ ಅಂದರೆ ಅಲ್ಯುಮಿನಿಯಂ, ಎಸ್ ಅಂದರೆ ಸ್ಟೀಲ್. ಅಲ್ಯುಮಿನಿಯಂ ಹಗುರ. ಕೆಲವು ಓಟ ಸ್ಟೀಲ್ ಲಾಳದಲ್ಲೇ ಓಡಿದ ಕುದುರೆಗೆ ಇವತ್ತು ಅಲ್ಯುಮಿನಿಯಂ ಹೊಡೆಸಿದ್ದಾರೆ ಅಂದರೆ, ಗೆಲ್ಲುವ ಇರಾದೆಯಿಂದಲೇ ತಂದಿದ್ದಾರೆ ಅಂತ ಅರ್ಥ ಮಾಡುವವರು ಬಹಳ. ಆ ಅರ್ಥ ಒಬ್ಬ ಟ್ರೇನರ್ ವಿಷಯದಲ್ಲಿ ನಿಜ, ಇನ್ನೊಬ್ಬರ ವಿಷಯದಲ್ಲಿ ಅಲ್ಲ. ಯಾರ ವಿಷಯದಲ್ಲಿ ನಿಜ ಅಂತ ಪುಸ್ತಕ ನೋಡಿಯೇ ಹೇಳಬೇಕು.

ಬುಕ್ಕಿಯ ಆಡ್ಸ್ ಮತ್ತು ಟೋಟ್ (ಎಲ್ಲರ ಪಂತದ ದುಡ್ಡನ್ನು ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆ) ಕೊಡುವ ಡಿವಿಡೆಂಡನ್ನು ಒಂದೇ ಅಂಕಣದಲ್ಲಿ ಬೆರೆಸಬೇಡಿ. ಡಿವಿಡೆಂಡ್‌ನಲ್ಲಿ ನೀವು ಹಾಕಿದ ದುಡ್ಡೂ ಸೇರಿರುತ್ತದೆ, ಆಡ್ಸ್‌ನಲ್ಲಿ ಸೇರಿರುವುದಿಲ್ಲ.

ಸ್ಟ್ರೈಕ್ ರೇಟ್, ಮತ್ತದರ ಅಳತೆಗೋಲು

ಗೆಲುವನ್ನು ಓಟಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸ್ಟ್ರೈಕ್ ರೇಟ್. 60 ಓಟ, 9 ಗೆಲುವು ಅಂದರೆ 15 ಪರ್ಸೆಂಟ್. ಇದು ಒಳ್ಳೆಯದೋ ಸಾಧಾರಣವೋ? ಎಷ್ಟು ಕುದುರೆಗಳ ನಡುವೆ ಗೆದ್ದರು ಅಂತ ಗೊತ್ತಾಗದೆ ಹೇಳಲಾಗದು. ಆರು ಕುದುರೆಯ ರೇಸಿನಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿದರೂ ಆರಕ್ಕೊಂದು ಸಲ ಗೆಲ್ಲಬೇಕು. ಹನ್ನೆರಡು ಕುದುರೆ ಇದ್ದರೆ ಹನ್ನೆರಡಕ್ಕೊಂದು.

ಹಾಗಾಗಿ ಪ್ರತಿ ಸಾಲಿನ ಕೊನೆಗೆ, ಒಂದನ್ನು ಓಡಿದ ಕುದುರೆಗಳ ಸಂಖ್ಯೆಯಿಂದ ಭಾಗಿಸಿ ಬರೆದಿಡಿ. ಒಬ್ಬ ಟ್ರೇನರ್ 6, 8, 10, 12 ಕುದುರೆಗಳ ನಾಲ್ಕು ರೇಸುಗಳಲ್ಲಿ ಒಂದೊಂದು ಕುದುರೆ ಓಡಿಸಿದರು ಅಂದುಕೊಳ್ಳಿ. 0.167, 0.125, 0.1, 0.083 ಕೂಡಿಸಿದರೆ 0.475. ಅಂದರೆ ಅವರಿಂದ ಅರ್ಧ ಗೆಲುವಿನಷ್ಟು ನಿರೀಕ್ಷಿಸಬಹುದಿತ್ತು. ಸೀಸನ್ ಪೂರ್ತಿ ಹೀಗೆ ಕೂಡಿಸುತ್ತ ಹೋಗಿ, ನಿಜವಾದ ಗೆಲುವನ್ನು ಆ ಮೊತ್ತದಿಂದ ಭಾಗಿಸಿ. ಒಂದಕ್ಕಿಂತ ಜಾಸ್ತಿ ಬಂದರೆ ಸರಾಸರಿಗಿಂತ ಮೇಲೆ ಅಂತ ಲೆಕ್ಕ.

ಬಿಡಿಸಿ ನೋಡುವ ಕೆಲಸ

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುತ್ತಾರಲ್ಲ, ವರ್ಷದ ಒಟ್ಟು ನೂರಿಂಚು ಆಯಿತು ಅಂದರೆ ಅವರಿಗೆ ಸಮಾಧಾನ ಆಗುವುದಿಲ್ಲ. ಹೂಮಳೆ ಯಾವಾಗ ಬಂತು, ಅದರ ಬೆನ್ನಿಗೆ ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆ ಬಂತೋ ಇಲ್ಲವೋ, ಫಸಲು ನಿಂತಿರುವುದು ಅದರ ಮೇಲೆ. ಟ್ರೇನರ್‌ಗಳ ಒಟ್ಟು ಗೆಲುವನ್ನೂ ಹಾಗೆಯೇ ಬಿಡಿಸಿ ನೋಡಬೇಕು.

ಮೊದಲ ವಿಂಗಡಣೆ, ಜೀವನದ ಮೊದಲ ಓಟ. ಕೆಲವು ಸ್ಟೇಬಲ್‌ಗಳು ಮರಿಕುದುರೆಯನ್ನು ಮಾಕ್ ರೇಸ್ (ಅಭ್ಯಾಸದ ಓಟ), ಗೇಟ್ ಪ್ರಾಕ್ಟೀಸ್ ಎಲ್ಲ ಮಾಡಿಸಿ, ಪೂರ್ತಿ ತಯಾರಾದ ಮೇಲೆಯೇ ಕಣಕ್ಕಿಳಿಸುತ್ತವೆ. ಇನ್ನು ಕೆಲವು, ಮೊದಲ ಓಟವನ್ನು ಪಾಠ ಅಂತಲೇ ತಿಳಿದು ಓಡಿಸುತ್ತವೆ. ಕುದುರೆ ಜನರ ಗದ್ದಲ, ಗೇಟು, ತಿರುವು ನೋಡಿಕೊಂಡು ಬರಲಿ, ಎರಡನೇ ಸಲಕ್ಕೆ ನೋಡೋಣ ಅಂತ. ಎರಡೂ ರೀತಿ ಸರಿಯೇ. ನೀವು ಬರೆದಿಡಬೇಕಾದ್ದು ಮೊದಲ ಓಟದ ಗೆಲುವು ಎಷ್ಟು, ಎರಡನೇ ಓಟದ ಗೆಲುವು ಎಷ್ಟು ಎಂಬ ಎರಡು ಸಂಖ್ಯೆ. ಮೊದಲ ಓಟದಲ್ಲಿ ಆರನೆಯದಾಗಿ ಬಂದ ಕುದುರೆಯನ್ನು ಜನ ಮರೆತಿರುತ್ತಾರೆ. ಅದರ ಟ್ರೇನರ್ ಎರಡನೇ ಓಟಕ್ಕೆ ಗೆಲ್ಲಿಸುವವರು ಅಂತ ನಿಮ್ಮ ಪುಸ್ತಕ ಹೇಳುತ್ತಿದ್ದರೆ, ಒಳ್ಳೆಯ ಆಡ್ಸ್ ಅಲ್ಲೇ ಸಿಗುತ್ತದೆ.

ಎರಡನೆಯದು ವಿಶ್ರಾಂತಿ. ಹಿಂದಿನ ಓಟ ಆಗಿ ಮೂರು ವಾರದೊಳಗೆ, ಮೂರರಿಂದ ಎಂಟು ವಾರ, ಅದಕ್ಕಿಂತ ಹೆಚ್ಚು, ಹೀಗೆ ಮೂರು ಗುಂಪು ಮಾಡಿ. ಬೆಂಗಳೂರಿನ ಬೇಸಿಗೆ ಸೀಸನ್ ಮುಗಿದು ಮೈಸೂರು ಸೀಸನ್ ಶುರುವಾಗುವಾಗ ಎಷ್ಟೋ ಕುದುರೆಗಳು ಬಿಡುವು ಮುಗಿಸಿಕೊಂಡು ಬಂದಿರುತ್ತವೆ. ಬೆಳಗಿನ ಟ್ರ್ಯಾಕ್ ವರ್ಕ್‌ನಲ್ಲೇ ಕುದುರೆಯನ್ನು ಓಟಕ್ಕೆ ಸಿದ್ಧ ಮಾಡಬಲ್ಲ ಟ್ರೇನರ್ ಯಾರು, ಒಂದು ರೇಸ್ ಓಡಿಸಿದ ಮೇಲಷ್ಟೇ ಕುದುರೆ ಹದಕ್ಕೆ ಬರುವುದು ಯಾರ ಲಾಯದಲ್ಲಿ, ಇದು ಸೀಸನ್ನಿನ ಮೊದಲ ಎರಡು ವಾರ ಬಹಳ ಉಪಯೋಗಕ್ಕೆ ಬರುತ್ತದೆ. ಸಾಧ್ಯವಾದರೆ ಹಿಂದಿನ ಎರಡು ಮೂರು ಸೀಸನ್‌ಗಳ ಆರಂಭದ ಫಲಿತಾಂಶವನ್ನೇ ಬೇರೆಯಾಗಿ ಬರೆದುಕೊಳ್ಳಿ.

ಮೂರನೆಯದು ಕ್ಲಾಸ್. ಹ್ಯಾಂಡಿಕ್ಯಾಪ್ ರೇಸಿನಲ್ಲಿ, ಅಂದರೆ ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸುವ ರೇಸಿನಲ್ಲಿ, ಕುದುರೆಯ ರೇಟಿಂಗ್‌ನ ಒಂದು ಪಾಯಿಂಟ್‌ಗೆ ಅರ್ಧ ಕೆ.ಜಿ. ತೂಕ. ಸೋಲುತ್ತ ಬಂದ ಕುದುರೆಯ ರೇಟಿಂಗ್ ಇಳಿಯುತ್ತದೆ, ಒಂದು ದಿನ ಅದು ಕೆಳಗಿನ ಕ್ಲಾಸಿಗೆ ಬರುತ್ತದೆ. ಆ ದಿನಕ್ಕಾಗಿಯೇ ಕಾದು ಕುದುರೆಯನ್ನು ಹುರಿಗೊಳಿಸುವ ಟ್ರೇನರ್‌ಗಳಿದ್ದಾರೆ. ಕೆಳಗಿಳಿದ ಕುದುರೆಗಳ ಗೆಲುವನ್ನು ಪ್ರತ್ಯೇಕ ಅಂಕಣದಲ್ಲಿಟ್ಟರೆ ಈ ಅಭ್ಯಾಸ ಯಾರದು ಅಂತ ಒಂದೆರಡು ಸೀಸನ್ನಿನಲ್ಲಿ ಕಾಣಿಸಿಕೊಳ್ಳುತ್ತದೆ.

ದೂರದ ವಿಂಗಡಣೆ ಸುಲಭ: 1,200 ಮೀಟರ್‌ವರೆಗೆ ಒಂದು, ಅದಕ್ಕಿಂತ ಮೇಲೆ ಇನ್ನೊಂದು ಮಾಡಿದರೆ ಸಾಕು. ಮೈಸೂರು, ಬೆಂಗಳೂರು ಬೇರೆ ಬೇರೆ ಬರೆಯಿರಿ.

ಸಣ್ಣ ಸಂಖ್ಯೆ ನಂಬಬೇಡಿ

ಬಿಡಿಸುತ್ತ ಹೋದಂತೆ ಸಂಖ್ಯೆ ಸಣ್ಣದಾಗುತ್ತದೆ. 150 ಓಟದ ಲೆಕ್ಕ, ಮೊದಲ ಓಟದ ಗುಂಪಿಗೆ ಬರುವಷ್ಟರಲ್ಲಿ ಎಂಟಕ್ಕೆ ಇಳಿದಿರುತ್ತದೆ. ಕೈ ಸುಟ್ಟುಕೊಳ್ಳುವವರಲ್ಲಿ ಹೆಚ್ಚಿನವರು ಸುಟ್ಟುಕೊಳ್ಳುವುದು ಈ ಹಂತದಲ್ಲೇ.

ಒಬ್ಬ ಟ್ರೇನರ್‌ಗೆ ನಿಜಕ್ಕೂ ಹತ್ತಕ್ಕೊಂದು ಗೆಲ್ಲುವ ಸಾಮರ್ಥ್ಯ ಇದೆ ಅಂತಿಟ್ಟುಕೊಳ್ಳಿ. ಅವರು 20 ಕುದುರೆ ಓಡಿಸಿ ಒಂದನ್ನೂ ಗೆಲ್ಲದೆ ಇರುವ ಸಂಭವ 12 ಪರ್ಸೆಂಟ್. ಅದೇ ಟ್ರೇನರ್ ಅದೇ 20ರಲ್ಲಿ ಐದು ಅಥವಾ ಹೆಚ್ಚು ಗೆಲ್ಲುವ ಸಂಭವ ಸುಮಾರು 4 ಪರ್ಸೆಂಟ್. ಕೌಶಲ ಏರಿಲ್ಲ, ಇಳಿದಿಲ್ಲ. ಅಂಥ ನಲವತ್ತು ಟ್ರೇನರ್‌ಗಳಿದ್ದರೆ ಒಬ್ಬಿಬ್ಬರು ಬರೀ ಅದೃಷ್ಟದ ಮೇಲೆ 25 ಪರ್ಸೆಂಟ್ ತೋರಿಸುತ್ತಾರೆ, ನಾಲ್ಕೈದು ಜನ ಸೊನ್ನೆ ತೋರಿಸುತ್ತಾರೆ. ‘ಸ್ಟೇಬಲ್ ಫಾರ್ಮ್‌ನಲ್ಲಿದೆ’, ‘ಸ್ಟೇಬಲ್ ಮಲಗಿದೆ’ ಎಂಬ ಮಾತುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟಿದವು.

ಇದಕ್ಕೊಂದು ಸರಳ ಉಪಾಯವಿದೆ. ಯಾವುದೇ ಗುಂಪಿನ ಲೆಕ್ಕಕ್ಕೆ ನೀವಾಗಿಯೇ 20 ಓಟ, 2 ಗೆಲುವು ಸೇರಿಸಿ, ಆಮೇಲೆ ಪರ್ಸೆಂಟ್ ತೆಗೆಯಿರಿ. ಎಂಟಕ್ಕೆ ಮೂರು ಗೆದ್ದವರದು ಮೇಲ್ನೋಟಕ್ಕೆ 37.5 ಪರ್ಸೆಂಟ್, ಸೇರಿಸಿದ ಮೇಲೆ 28ಕ್ಕೆ 5, ಅಂದರೆ 18. ನೂರೈವತ್ತಕ್ಕೆ 30 ಗೆದ್ದವರದು 20 ಪರ್ಸೆಂಟ್; ಸೇರಿಸಿದ ಮೇಲೆ 170ಕ್ಕೆ 32, ಸುಮಾರು 19. ಮೊದಲು ಹಿಂದಿದ್ದವರು ಈಗ ಮುಂದೆ ಬಂದರು. ಓಟ ಕಡಿಮೆ ಇದ್ದಷ್ಟೂ ಸಂಖ್ಯೆ ಸರಾಸರಿಯ ಕಡೆಗೆ ಜಗ್ಗುತ್ತದೆ, ಓಟ ಹೆಚ್ಚಿದಂತೆ ತನ್ನ ಸ್ವಂತ ಬಲದ ಮೇಲೆ ನಿಲ್ಲುತ್ತದೆ. ಈ ಒಂದು ಅಭ್ಯಾಸ ಬೆಳೆಸಿಕೊಂಡವರು ಬಹಳಷ್ಟು ನಷ್ಟ ತಪ್ಪಿಸಿಕೊಳ್ಳುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಡ್ಸ್ ಪಕ್ಕದಲ್ಲಿಟ್ಟು

ಇಂಡಿಯನ್ ಡರ್ಬಿಯನ್ನು ಹಲವು ಬಾರಿ ಗೆದ್ದ ಬೆಂಗಳೂರಿನ ರಶೀದ್ ಬೈರಾಮ್‌ಜಿ ಅವರಂಥವರ ಕುದುರೆ ಬಂದರೆ ಅದು ಚೆನ್ನಾಗಿ ತಯಾರಾಗಿದೆ ಅಂತ ಇಡೀ ಕೋರ್ಸ್‌ಗೆ ಗೊತ್ತಿರುತ್ತಿತ್ತು. ಎಲ್ಲರಿಗೂ ಗೊತ್ತಿರುವ ವಿಷಯ ಆಡ್ಸ್‌ನಲ್ಲಿ ಆಗಲೇ ಸೇರಿಹೋಗಿರುತ್ತದೆ.

ಇಬ್ಬರು ಟ್ರೇನರ್‌ಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರು 100 ಓಟದಲ್ಲಿ 24 ಗೆದ್ದರು, ಗೆದ್ದವುಗಳ ಸರಾಸರಿ ಆಡ್ಸ್ 2ಕ್ಕೆ 1 (₹1ಕ್ಕೆ ₹2 ಲಾಭ, ಹಾಕಿದ್ದೂ ವಾಪಸ್). ಪ್ರತಿ ಓಟಕ್ಕೂ ₹100 ಹಾಕಿದ್ದರೆ ಹೋಗಿದ್ದು ₹10,000, ಬಂದಿದ್ದು ₹7,200. ಎರಡನೆಯವರು 80ಕ್ಕೆ ಎಂಟೇ ಗೆದ್ದರು, ಆದರೆ ಸರಾಸರಿ 11ಕ್ಕೆ 1. ಹೋಗಿದ್ದು ₹8,000, ಬಂದಿದ್ದು ₹9,600. ಹೆಸರು ಮೊದಲನೆಯವರದು, ಲಾಭ ಎರಡನೆಯವರದು. ಅಷ್ಟಕ್ಕೇ ಎರಡನೆಯವರ ಹಿಂದೆ ಬೀಳಬೇಡಿ. ಆ ಎಂಟರಲ್ಲಿ ಒಂದು 33ಕ್ಕೆ 1 ಆಗಿದ್ದು, ಅದನ್ನು ತೆಗೆದರೆ ಬರುವುದು ₹6,200 ಮಾತ್ರ. ಅತಿ ದೊಡ್ಡ ಒಂದು ಗೆಲುವನ್ನು ತೆಗೆದು ಮತ್ತೆ ಲೆಕ್ಕ ಹಾಕಿ ನೋಡುವುದನ್ನು ಎಂದೂ ಬಿಡಬಾರದು.

ಆಡ್ಸನ್ನು ಪರ್ಸೆಂಟ್‌ಗೆ ತಿರುಗಿಸುವುದೂ ಗೊತ್ತಿರಲಿ. 4ಕ್ಕೆ 1 ಅಂದರೆ, ಐದಕ್ಕೊಂದು, 20 ಪರ್ಸೆಂಟ್. 9ಕ್ಕೆ 1 ಅಂದರೆ 10. ಒಂದು ರೇಸಿನ ಎಲ್ಲ ಕುದುರೆಗಳ ಪರ್ಸೆಂಟ್ ಕೂಡಿಸಿದರೆ ನೂರಕ್ಕಿಂತ ಹೆಚ್ಚು ಬರುತ್ತದೆ. ನೂರರ ಮೇಲಿನ ಆ ಭಾಗ ಬುಕ್ಕಿಯದು. ಟ್ರೇನರ್ ಪುಸ್ತಕ, ಕುದುರೆಯ ಹಿಂದಿನ ಓಟ, ತೂಕ ಎಲ್ಲ ನೋಡಿ ನಿಮಗೆ 20 ಪರ್ಸೆಂಟ್ ಅನ್ನಿಸಿದ ಕುದುರೆಗೆ 9ಕ್ಕೆ 1 ಸಿಗುತ್ತಿದ್ದರೆ ಅದು ಯೋಚಿಸತಕ್ಕದ್ದು. 2ಕ್ಕೆ 1 ಸಿಗುತ್ತಿದ್ದರೆ ಎಷ್ಟೇ ಒಳ್ಳೆಯ ಟ್ರೇನರ್ ಆದರೂ ಬಿಟ್ಟುಬಿಡಿ.

ರೇಸಿನ ದಿನ

ಕಾರ್ಡ್ ಕೈಗೆ ಬಂದಾಗ ಮೊದಲು ಕುದುರೆ, ದೂರ, ತೂಕ. ಟ್ರೇನರ್ ಲೆಕ್ಕ ಕೊನೆಗೆ. ಪುಸ್ತಕ ನೋಡಿದ್ದೇ ಕುದುರೆಯನ್ನು ಆರಿಸಿಬಿಟ್ಟರೆ ಓಡುವುದು ಟ್ರೇನರ್ ಅಲ್ಲ ಎಂಬುದು ಮರೆತುಹೋಗುತ್ತದೆ. ಸರಿಸಮ ಅನ್ನಿಸಿದ ಎರಡು ಮೂರು ಕುದುರೆಗಳ ನಡುವೆ ತಕ್ಕಡಿ ಯಾವ ಕಡೆ ವಾಲಬೇಕು ಅಂತ ಹೇಳಲು ಟ್ರೇನರ್ ಲೆಕ್ಕ ಬಳಸಿ.

ಒಂದೇ ಸ್ಟೇಬಲ್‌ನ ಎರಡು ಕುದುರೆ ಒಂದೇ ರೇಸಿನಲ್ಲಿದ್ದರೆ ಅವರ ಖಾಯಂ ಜಾಕಿ ಯಾವುದನ್ನು ಹತ್ತಿದ್ದಾರೆ ನೋಡಿ. ಟ್ರೇನರ್-ಜಾಕಿ ಜೋಡಿಯ ಲೆಕ್ಕ ಪುಸ್ತಕದಲ್ಲಿ ಬೇರೆಯಾಗಿಯೇ ಇರಲಿ. ಇನ್ನೊಂದರ ಮೇಲೆ ಅಪ್ರೆಂಟಿಸ್ (ಇನ್ನೂ ಕಲಿಯುತ್ತಿರುವ ಜಾಕಿ) ಇದ್ದರೆ ತಕ್ಷಣ ತಳ್ಳಿಹಾಕಬೇಡಿ. ಅಪ್ರೆಂಟಿಸ್‌ಗೆ ಸಿಗುವ ತೂಕದ ರಿಯಾಯಿತಿಗಾಗಿಯೇ ಅವರನ್ನು ಹತ್ತಿಸುವ ಟ್ರೇನರ್‌ಗಳಿದ್ದಾರೆ, ಆ ಎರಡನೇ ಕುದುರೆ ಗೆದ್ದ ಉದಾಹರಣೆಗಳೂ ಇವೆ.

ದುಡ್ಡಿನ ಮಾತು

1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸನ್ನು ಕೌಶಲದ ಆಟ ಎಂದು ಹೇಳಿತು. ಹಾಗಂತ ಎಲ್ಲಿ ಬೇಕಾದರೂ ಆಡಬಹುದು ಅಂತಲ್ಲ. ಲೈಸೆನ್ಸ್ ಇರುವ ಕೋರ್ಸಿನ ಟೋಟ್, ಅಲ್ಲಿನ ಲೈಸೆನ್ಸ್ ಇರುವ ಬುಕ್ಕಿ ಬಿಟ್ಟು ಊರೊಳಗೆ ಚೀಟಿ ಬರೆಸಿ ಪಂತ ಕಟ್ಟುವ ವ್ಯವಹಾರ ಅಪರಾಧ, ಅಲ್ಲಿ ಗೆದ್ದರೂ ದುಡ್ಡು ಕೈಗೆ ಬರುವ ಖಾತ್ರಿ ಇಲ್ಲ.

ತೆರಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಂಕಿಅಂಶ ಅರೆಬರೆ. 2025ರ ಸೆಪ್ಟೆಂಬರ್ 22ರಿಂದ ಕುದುರೆ ರೇಸಿನ ಮೇಲಿನ ಜಿಎಸ್‌ಟಿ 28ರಿಂದ 40 ಪರ್ಸೆಂಟ್‌ಗೆ ಏರಿತು. ₹100ರ ಪಂತಕ್ಕೆ ಕೈಯಿಂದ ₹140 ಹೋಗುತ್ತದೆ ಅಂತ ಲೆಕ್ಕ ಹಿಡಿದರೆ, 4ಕ್ಕೆ 1 ಆಡ್ಸ್‌ನಲ್ಲಿ ಅಸಲು ಹುಟ್ಟಲು 20 ಅಲ್ಲ, 28 ಪರ್ಸೆಂಟ್ ಗೆಲ್ಲಬೇಕು. ಮೇಲೆ ಲಾಭ ತೋರಿಸಿದ ಎರಡನೇ ಟ್ರೇನರ್ ಲೆಕ್ಕವನ್ನೇ ನೋಡಿ: ₹8,000ದ ಪಂತಕ್ಕೆ ₹11,200 ಖರ್ಚು, ಬಂದಿದ್ದು ₹9,600. ₹1,600 ಲಾಭ ಇದ್ದಲ್ಲಿ ಅಷ್ಟೇ ನಷ್ಟ. ಇದರ ಮೇಲೆ, ಗೆಲುವಿನ ಮೊತ್ತ ₹10,000 ದಾಟಿದರೆ 30 ಪರ್ಸೆಂಟ್ ಟಿಡಿಎಸ್. ಹಾಗಾಗಿ ಮೊದಲ ಸೀಸನ್ ಪೂರ್ತಿ ದುಡ್ಡು ಹಾಕದೆ ಪುಸ್ತಕದ ಮೇಲಷ್ಟೇ ಆಡಿ. ಕುದುರೆ, ಕಾರಣ, ಆಡ್ಸ್ ಮೂರನ್ನೂ ರೇಸಿಗೆ ಮೊದಲೇ ಬರೆಯಬೇಕು, ಆಮೇಲೆ ತಿದ್ದಬಾರದು. ತೋಟದ ಕೂಲಿಗೆ, ಮಕ್ಕಳ ಫೀಸಿಗೆ ಇಟ್ಟ ದುಡ್ಡು ಯಾವ ಸೀಸನ್ನಿನಲ್ಲೂ ಈ ಕಡೆ ಬರಬಾರದು.

ಸೀಸನ್‌ಗಳ ನಡುವೆ ಕುದುರೆಗಳು ಒಂದು ಸ್ಟೇಬಲ್‌ನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಹೊಸ ಕಾರ್ಡ್ ಬಂದಾಗ ಟ್ರೇನರ್ ಹೆಸರು ಬದಲಾಗಿದೆಯೇ ನೋಡಿ. ಹಳೆಯ ಓಟಗಳು ಹಳೆಯ ಟ್ರೇನರ್ ಪುಟದಲ್ಲೇ ಉಳಿಯಲಿ. ಹೊಸಬರ ಪುಟದಲ್ಲಿ ‘ಬೇರೆ ಲಾಯದಿಂದ ಬಂದ ಮೇಲೆ ಮೊದಲ ಓಟ’ ಅಂತ ಇನ್ನೊಂದು ಅಂಕಣ ತೆರೆಯಿರಿ.