ಅಪ್ಪನ ಅಂಬಾಸಿಡರ್‌ಗೆ ಆಲ್ಟರ್ನೇಟರ್ ಹಾಕಿದ್ದು

ನಮ್ಮ ಮನೆಯಲ್ಲಿ ಅಪ್ಪ ಜೋಪಾನ ಮಾಡಿದ 1978ರ ಅಂಬಾಸಿಡರ್ ಮಾರ್ಕ್ 3 ಇದೆ. ಅದರಲ್ಲಿ ಇದ್ದದ್ದು ಡೈನಮೊ, ಎಂಜಿನ್ ತಿರುಗುವಾಗ ಕರೆಂಟು ಮಾಡಿ ಬ್ಯಾಟರಿ ಚಾರ್ಜ್ ಮಾಡುವ ಹಳೇ ಥರದ ಯಂತ್ರ. ಹಗಲು ಓಡಿಸಿದರೆ ಏನೂ ತೊಂದರೆ ಇಲ್ಲ. ಮಳೆಗಾಲದ ರಾತ್ರಿ ಮಡಿಕೇರಿಯಿಂದ ಮೈಸೂರಿಗೆ ಬರುವಾಗಲೇ ಕಷ್ಟ. ಹೆಡ್‌ಲೈಟಿಗೇ ಸುಮಾರು 10 ಆಂಪಿಯರ್ ಬೇಕು. ಜೊತೆಗೆ ವೈಪರ್, ಹಿಂದಿನ ಲೈಟು, ಇಗ್ನಿಷನ್ ಕಾಯಿಲ್. ಡೈನಮೊ ಕೊಡುವುದು ಹೆಚ್ಚೆಂದರೆ 22 ಆಂಪಿಯರ್, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಲಾರಿಗಳ ಹಿಂದೆ ತೆವಳುವಾಗ ಭಾರವೆಲ್ಲ ಬ್ಯಾಟರಿ ಮೇಲೆ. ಒಂದು ರಾತ್ರಿ ಹುಣಸೂರಿನ ಹತ್ತಿರ ಲೈಟು ಮಂಕಾಯಿತು, ವೈಪರ್ ಗಾಜಿನ ಮಧ್ಯದಲ್ಲೇ ನಿಂತಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಅವತ್ತೇ ತೀರ್ಮಾನ ಮಾಡಿದೆ, ಡೈನಮೊ ತೆಗೆದು, ಎಂಜಿನ್ ನಿಧಾನವಾಗಿ ತಿರುಗುವಾಗಲೂ ಹೆಚ್ಚು ಕರೆಂಟು ಕೊಡುವ ಆಲ್ಟರ್ನೇಟರ್ ಹಾಕಬೇಕು ಅಂತ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ, ಒಳಗೇ ರೆಗ್ಯುಲೇಟರ್ (ವೋಲ್ಟೇಜ್ ಹಿಡಿತದಲ್ಲಿಡುವ ಭಾಗ) ಇರುವ 45 ಆಂಪಿಯರಿನ ಆಲ್ಟರ್ನೇಟರ್ ತಂದೆ. ಲೇತ್‌ನವರು ಒಂದು ಬುಷ್ ಮಾಡಿಕೊಟ್ಟರು, ಬೆಲ್ಟ್ ಹಾಯುವ ಮೂರೂ ಪುಲ್ಲಿಗಳು ಒಂದೇ ಸಾಲಿಗೆ ಬಂದವು.

ವೈರಿಂಗ್ ನಾನೇ ಮಾಡಿದೆ. ಬ್ಯಾಟರಿಯ ಯಾವ ತುದಿ ಗಾಡಿಯ ಬಾಡಿಗೆ (ಲೋಹದ ಮೈಗೆ) ಸೇರಿದೆ ಎಂದು ಮೊದಲು ನೋಡಬೇಕು. ಕೆಲವು ಹಳೇ ಗಾಡಿಗಳಲ್ಲಿ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಅಂಥದ್ದಕ್ಕೆ ಆಲ್ಟರ್ನೇಟರನ್ನು ಹಾಗೇ ಜೋಡಿಸಿದರೆ ಅದರೊಳಗಿನ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ತಕ್ಷಣ ಸುಟ್ಟುಹೋಗುತ್ತವೆ. ನಮ್ಮದರಲ್ಲಿ ಮೈನಸ್ ಇತ್ತು. ಅದನ್ನು ಕಳಚಿಟ್ಟು ಶುರು ಮಾಡಿದೆ.

ಡೈನಮೊದ ಚಾರ್ಜನ್ನು ಹಿಡಿತದಲ್ಲಿಡುತ್ತಿದ್ದ ಕಟೌಟ್ ಡಬ್ಬಿಗೆ ಇನ್ನು ಕೆಲಸವಿಲ್ಲ. ಆದರೆ ಸುಮ್ನೆ ಕಿತ್ತುಹಾಕುವಂತಿಲ್ಲ, ಬ್ಯಾಟರಿಯ ಕರೆಂಟು ಅದರ ಮೂಲಕವೇ ಲೈಟಿಗೂ ಕೀಗೂ ಹೋಗುತ್ತದೆ. ಆ ಡಬ್ಬಿಯ ಟರ್ಮಿನಲ್‌ಗಳಿಗೆ ಎ, ಎ1, ಡಿ, ಎಫ್ ಎಂದು ಗುರುತಿದೆ. ಎ ಮತ್ತು ಎ1ರ ಕಂದು ವೈರುಗಳಿಗೆ ಥಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಹಾಕಿ ಒಂದೇ ಬೋಲ್ಟಿಗೆ ಬಿಗಿದು, ಮೇಲೆ ಟೇಪ್ ಸುತ್ತಿದೆ. ಮೀಟರ್ ಬೋರ್ಡಿನ ಕೆಂಪು ಚಾರ್ಜಿಂಗ್ ದೀಪದಿಂದ ‘ಡಿ’ಗೆ ಬಂದಿದ್ದ ಸಣ್ಣ ವೈರನ್ನು, ಎಫ್‌ನಿಂದ ಡೈನಮೊಗೆ ಹೋಗುತ್ತಿದ್ದ ಹಳದಿ-ಹಸಿರು ವೈರಿಗೆ ಸೇರಿಸಿದೆ. ಅದರ ಆ ಕಡೆಯ ತುದಿ ಈಗ ಆಲ್ಟರ್ನೇಟರಿನ ಎಲ್ ಟರ್ಮಿನಲ್ಲಿಗೆ, ಅಂದರೆ ಆ ದೀಪಕ್ಕೆಂದೇ ಇರುವ ತುದಿಗೆ.

ಆಲ್ಟರ್ನೇಟರಿನಿಂದ ಕರೆಂಟು ಹೊರಬರುವ ಬಿ ಪ್ಲಸ್ ಟರ್ಮಿನಲ್ಲಿಗೆ ಮಾತ್ರ ಹಳೇ ವೈರ್ ಬೇಡ, ಬಿಸಿಯಾಗುತ್ತದೆ. 10 ಚದರ ಮಿ.ಮೀ. ತಾಮ್ರದ ವೈರನ್ನು ನೇರವಾಗಿ ಸೆಲ್ಫ್ ಸ್ಟಾರ್ಟರಿನ ಸೊಲೆನಾಯ್ಡಿಗೆ (ಅದಕ್ಕೆ ಕರೆಂಟು ಬಿಡುವ ಸ್ವಿಚ್ಚಿಗೆ), ಬ್ಯಾಟರಿ ಕಡೆಯ ಬೋಲ್ಟಿಗೆ ಎಳೆದೆ. 60 ಆಂಪಿಯರ್ ಫ್ಯೂಸನ್ನೂ ಆ ತುದಿಯಲ್ಲೇ ಇಟ್ಟೆ. ವೈರ್ ಎಲ್ಲಾದರೂ ಸವೆದು ಬಾಡಿಗೆ ತಾಗಿದರೆ ಬೆಂಕಿ ಹಚ್ಚುವಷ್ಟು ಕರೆಂಟು ಬರುವುದು ಬ್ಯಾಟರಿಯಿಂದ.

ಎಂಜಿನ್ ಸ್ಟಾರ್ಟ್ ಮಾಡಿದೆ. ಬ್ಯಾಟರಿ 12.4 ವೋಲ್ಟಿನಲ್ಲೇ ಇತ್ತು, ಏರಲೇ ಇಲ್ಲ. ಬೆಲ್ಟ್, ಫ್ಯೂಸ್, ಥಿಂಬಲ್ ಎಲ್ಲ ಸರಿ ಇದ್ದವು. ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು, ತೊಂದರೆ ಇದ್ದದ್ದು ಆ ಕೆಂಪು ದೀಪದಲ್ಲಿ. ಡೈನಮೊದ ಕಬ್ಬಿಣದಲ್ಲಿ ಅಯಸ್ಕಾಂತದ ಗುಣ ಸ್ವಲ್ಪ ಉಳಿದಿರುತ್ತದೆ, ಅದು ತಾನಾಗಿಯೇ ಶುರುವಾಗುತ್ತದೆ. ಈ ಆಲ್ಟರ್ನೇಟರಿನ ರೋಟರಿಗೆ (ಒಳಗೆ ತಿರುಗುವ ಭಾಗಕ್ಕೆ) ಶುರುವಿನಲ್ಲಿ ಹೊರಗಿನಿಂದ ಒಂದಿಷ್ಟು ಕರೆಂಟು ಬೇಕು. ಅದು ಬರುವುದು ಆ ದೀಪದ ಮೂಲಕ. ಹಿಂದೊಮ್ಮೆ ನಾನು ಮೀಟರ್ ಬೋರ್ಡಿಗೆಲ್ಲ ಎಲ್‌ಇಡಿ ಹಾಕಿದ್ದೆ. ಎಲ್‌ಇಡಿ ಹಾಯಿಸುವುದು ಕೆಲವೇ ಮಿಲಿಆಂಪಿಯರ್, ಅದು ಸಾಲದು. 2.2 ವ್ಯಾಟಿನ ಹಳೇ ತಂತಿ ಬಲ್ಬ್ ಹಾಕಿ ಕೀ ತಿರುಗಿಸಿದೆ. ದೀಪ ಹೊತ್ತಿತು. ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದೆ, ಆರಿತು. ಮೀಟರಿನಲ್ಲಿ 14.1! ಆ ಖುಷಿ ಹೇಳಿ ತೀರದು.

ಹೆಡ್‌ಲೈಟ್, ವೈಪರ್ ಎರಡೂ ಹಾಕಿದಾಗ ಮಾತ್ರ ಬ್ಯಾಟರಿಯಲ್ಲಿ 13.4ಕ್ಕೆ ಇಳಿಯಿತು. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದರೆ ಅರ್ಧ ವೋಲ್ಟ್ ಅಲ್ಲೇ ಕಳೆದುಹೋಗುತ್ತಿತ್ತು. ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿಯ ಕೆಳಗೆ ತುಕ್ಕು. ಉಜ್ಜಿ ಬಿಗಿದ ಮೇಲೆ 13.9 ಬಂತು.

ಒಂದು ಮಾತು ಹೇಳಲೇಬೇಕು. ಚಾರ್ಜ್ ಆಗುತ್ತಿದೆಯಾ ಎಂದು ನೋಡಲು ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಳಚುವ ಅಭ್ಯಾಸ ಹಲವರಿಗಿದೆ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ವೋಲ್ಟೇಜ್ ಒಮ್ಮೆಲೇ ಹಾರಿ ಡಯೋಡ್, ರೆಗ್ಯುಲೇಟರ್ ಎರಡೂ ಹೋಗಬಹುದು. 300 ರೂಪಾಯಿಯ ಮಲ್ಟಿಮೀಟರ್ ಸಾಕು, ಅಲ್ವಾ?

ಮೊದಲ 200 ಕಿ.ಮೀ. ಆದ ಮೇಲೆ ಬೆಲ್ಟ್ ಸಡಿಲವಾಗಿತ್ತು, ಬಿಗಿ ಮಾಡಿದೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇನ್ನೊಂದು 2.2 ವ್ಯಾಟ್ ಬಲ್ಬನ್ನು ಹತ್ತಿ ಸುತ್ತಿ ಇಟ್ಟಿದ್ದೇನೆ.