ಕುಂಡದಲ್ಲಿ ತಾನಾಗಿ ಎದ್ದ ಗೋಣಿ ಸೊಪ್ಪನ್ನು ಗುರುತಿಸಿದ್ದು ಹೀಗೆ

ಗುಲಾಬಿ ಕುಂಡಕ್ಕೆ ಹೊಸ ಗೊಬ್ಬರ ಹಾಕಿದ ಮೇಲೆ ಒಂದು ಗಿಡ ತಾನಾಗಿ ಎದ್ದು ಮಣ್ಣಿನ ಮೇಲೆಲ್ಲ ಹರಡಿಕೊಂಡಿತು. ನುಣುಪಾದ ದಪ್ಪ ಎಲೆ, ನೀರು ತುಂಬಿದ ಕೆಂಪು ದಂಟು. ಗೋಣಿ ಸೊಪ್ಪು ಇರಬಹುದು ಅನ್ನಿಸಿತು. ಉತ್ತರ ಕರ್ನಾಟಕದಲ್ಲಿ ಗೋಳಿ ಪಲ್ಯ ಅನ್ನುವುದು ಇದಕ್ಕೇ. ಆದರೆ ‘ಇರಬಹುದು’ ಅಂತ ಸಾರಿಗೆ ಹಾಕೋಕಾಗಲ್ಲ, ಅಲ್ವಾ?

ಮೊಬೈಲ್ ಆಪ್ ಎಳೆ ಗಿಡದ ಫೋಟೊಗೆ ಒಂದು ಹೆಸರು ಹೇಳಿತು, ಬಲಿತದ್ದಕ್ಕೆ ಇನ್ನೊಂದು. ಅದನ್ನು ಬದಿಗಿಟ್ಟು ದಂಟು ಮುರಿದೆ. ಇದೇ ತರ ನೆಲಕ್ಕೆ ಅಂಟಿ ಹರಡುವ ಕೆಲವು ಕಳೆಗಳಲ್ಲಿ ದಂಟು ಮುರಿದ ತಕ್ಷಣ ಬಿಳಿ ಹಾಲು ಜಿನುಗುತ್ತದೆ. ಅವನ್ನು ತಿನ್ನಬಾರದು, ಹಾಲು ಕಣ್ಣಿಗೆ ತಾಗಿದರೂ ಉರಿ. ನನ್ನ ಗಿಡದಲ್ಲಿ ಬಂದದ್ದು ಬರೀ ನೀರು.

ಅಷ್ಟಕ್ಕೇ ಒಪ್ಪಿಕೊಳ್ಳಲಿಲ್ಲ. ಹಾಲಿಲ್ಲದ, ನೋಡೋಕೆ ಹೀಗೇ ಇರುವ ಇನ್ನೊಂದು ಕಳೆ ಹೊಲಗಳಲ್ಲಿ ಜಾಸ್ತಿ. ಅದರ ಎಲೆಗಳು ಜೋಡಿಜೋಡಿ. ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹೂ ಬಿಳಿ ಇಲ್ಲವೇ ತಿಳಿಗುಲಾಬಿ. ಅದಕ್ಕೇ ಹೂವಿಗೆ ಕಾದೆ. ಒಂದು ಬೆಳಗ್ಗೆ ಬಿಸಿಲೇರಿದಾಗ, ತುದಿಯ ಎಲೆಗೊಂಚಲಿನ ನಡುವೆ ಐದೆಸಳಿನ ಪುಟ್ಟ ಹಳದಿ ಹೂ! ಮಧ್ಯಾಹ್ನದ ಹೊತ್ತಿಗೆ ಮುದುಡಿತ್ತು. ಟೇಬಲ್ ರೋಸ್‌ನ ಹತ್ತಿರದ ನೆಂಟ ಇದು, ಬುದ್ಧಿಯೂ ಅದರದ್ದೇ.

ಕಾಯಿ ಬಲಿತ ಮೇಲೆ ಉಗುರು ತಾಗಿಸಿದೆ. ಮೇಲಿನ ಅರ್ಧ ಡಬ್ಬಿಯ ಮುಚ್ಚಳದ ಹಾಗೆ ಕಳಚಿತು. ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜ. ಹಾಲು ಬರುವ ಕಳೆಗಳ ಕಾಯಿ ಹೀಗಲ್ಲ, ಮೂರು ಹೋಳಾಗಿರುತ್ತದೆ. ಒಂದು ರೆಂಬೆ ಹಿಡಿದು ಸೊಪ್ಪು ಮಾರುವ ಅಜ್ಜಿಗೂ ತೋರಿಸಿದೆ. ‘ಗೋಣಿ ಸೊಪ್ಪೇ ಕಣವ್ವ, ಬೆರಕೆ ಸೊಪ್ಪಿಗೆ ಹಾಕು’ ಅಂದರು.

ಆ ಗಿಡವನ್ನಂತೂ ತಿನ್ನಲಿಲ್ಲ. ಗುಲಾಬಿಗೆ ಔಷಧಿ ಹೊಡೆದಿದ್ದ ಕುಂಡ ಅದು. ಬೀಜವನ್ನು ಬೇರೆ ಕುಂಡದಲ್ಲಿ ಚೆಲ್ಲಿ, ಎದ್ದ ಎಳೆ ಸೊಪ್ಪನ್ನು ತೊಗರಿಬೇಳೆ ಜೊತೆ ಬೇಯಿಸಿ ಮಸ್ಸೊಪ್ಪು ಮಾಡಿದೆ. ಮೊದಲ ಸಲ ಸ್ವಲ್ಪವೇ ತಿಂದೆ. ಸೊಪ್ಪಿಗೇ ಹುಳಿ ಇರುವುದರಿಂದ ಹುಣಸೆಹಣ್ಣು ಕಡಿಮೆ ಸಾಕು. ನೀರು ಕಡಿಮೆಯಾದಾಗ ಗಿಡ ರಾತ್ರಿಯಲ್ಲಿ ಆಮ್ಲ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಬೆಳಗ್ಗೆ ಕೊಯ್ದರೆ ಹುಳಿ ಜಾಸ್ತಿ, ಸಂಜೆ ಕಡಿಮೆ. ಆಕ್ಸಲೇಟ್ ಹೆಚ್ಚಿರುವ ಸೊಪ್ಪಿದು. ಕಿಡ್ನಿ ಕಲ್ಲಿನ ತೊಂದರೆ ಇರುವ ಅತ್ತೆಗೆ ಮಾತ್ರ ಬೇರೆ ಸಾರು ಮಾಡುತ್ತೇನೆ.