ಬಿ.ಪಿ. ಇರುವವರು ಹೃದಯದ ರಕ್ತಪರೀಕ್ಷೆಯನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ವರ್ಷಗಟ್ಟಲೆ ಹತೋಟಿಗೆ ಬಾರದ ರಕ್ತದೊತ್ತಡವು ಎದೆನೋವಿನ ಸುಳಿವನ್ನೂ ಕೊಡದೆ ಹೃದಯವನ್ನು ದಣಿಸಬಲ್ಲದು. ಹೆಚ್ಚಿದ ಒತ್ತಡಕ್ಕೆ ಎದುರಾಗಿ ರಕ್ತವನ್ನು ನೂಕಿ ನೂಕಿ ಎಡ ಹೃತ್ಕುಕ್ಷಿಯ (ದೇಹಕ್ಕೆ ರಕ್ತ ಕಳಿಸುವ ಹೃದಯದ ಎಡ ಕೆಳಕೋಣೆಯ) ಗೋಡೆ ದಪ್ಪವಾಗಿ ಪೆಡಸಾಗುತ್ತದೆ. ಸ್ನಾಯುಕೋಶಗಳಿಗೆ ಪೆಟ್ಟಾದರೆ ಟ್ರೋಪೊನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಗೋಡೆಯ ಮೇಲೆ ಎಳೆತ ಹೆಚ್ಚಾದರೆ, ಬಿಎನ್‌ಪಿ ಎಂಬ ಹಾರ್ಮೋನಿನ ಜೊತೆಗೇ ಹುಟ್ಟುವ ಎನ್‌ಟಿ-ಪ್ರೊಬಿಎನ್‌ಪಿ ಎಂಬ ತುಣುಕು ರಕ್ತದಲ್ಲಿ ಏರುತ್ತದೆ. ಈ ಎರಡನ್ನೂ ಬಿ.ಪಿ. ಇರುವ ಎಲ್ಲರಿಗೂ ಬರೆದುಕೊಡುವುದಿಲ್ಲ. ಇಸಿಜಿ, ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಹಾಗೂ ಮೂತ್ರದ ಅಲ್ಬುಮಿನ್ ಪರೀಕ್ಷೆಗಳು ಮೊದಲು ಆಗಬೇಕು.

ರಕ್ತ ಕೊಡುವ ಮುನ್ನ: ಇವಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಆದರೆ ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಏಕೆಂದರೆ ಕೆಲವು ಯಂತ್ರಗಳಲ್ಲಿ ಅದು ಟ್ರೋಪೊನಿನ್ ಪ್ರಮಾಣವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ದೂರದ ಓಟದಂತಹ ಕಠಿಣ ಶ್ರಮದ ಮರುದಿನವೂ ಈ ಪರೀಕ್ಷೆ ಬೇಡ. ಆಗ ಟ್ರೋಪೊನಿನ್ ತಾತ್ಕಾಲಿಕವಾಗಿ ಏರಿರುತ್ತದೆ.

ವರದಿ ಬಂದ ಮೇಲೆ: ಅಂಕಿಗಿಂತ ಮೊದಲು ಪರೀಕ್ಷೆಯ ಹೆಸರನ್ನೂ ಅಳತೆಯ ಮಾನವನ್ನೂ ನೋಡಿ. ಟ್ರೋಪೊನಿನ್ ಟಿ ಮತ್ತು ಟ್ರೋಪೊನಿನ್ ಐ ಬೇರೆ ಬೇರೆ, ಒಂದರ ಮಿತಿಯನ್ನು ಇನ್ನೊಂದಕ್ಕೆ ಹಚ್ಚಬಾರದು. ಅತಿಸೂಕ್ಷ್ಮ ಟ್ರೋಪೊನಿನ್ ಟಿ ಪರೀಕ್ಷೆಗೆ ಸಾಮಾನ್ಯವಾಗಿ ಲೀಟರಿಗೆ 14 ನ್ಯಾನೊಗ್ರಾಂ ಮಿತಿ. ಟ್ರೋಪೊನಿನ್ ಐ ಮಿತಿಯು ಯಂತ್ರದಿಂದ ಯಂತ್ರಕ್ಕೆ ಬದಲಾಗುವುದರಿಂದ ವರದಿಯ ಬಲಬದಿಯಲ್ಲಿ ಅಚ್ಚಾಗಿರುವ ವ್ಯಾಪ್ತಿಯನ್ನೇ ನಂಬಬೇಕು. ತುರ್ತು ಸ್ಥಿತಿಯಲ್ಲಿಲ್ಲದವರಿಗೆ ಎನ್‌ಟಿ-ಪ್ರೊಬಿಎನ್‌ಪಿ ಮಿಲಿಲೀಟರಿಗೆ 125 ಪಿಕೊಗ್ರಾಂಗಿಂತ ಕೆಳಗಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ಕಡಿಮೆ. (ಬಿಎನ್‌ಪಿಯ ‘ಬಿ’ ಮೆದುಳನ್ನು ಸೂಚಿಸುತ್ತದೆ, 1988ರಲ್ಲಿ ಅದು ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ. ನಮ್ಮಲ್ಲಿ ಅದು ಹೆಚ್ಚಾಗಿ ಹೃದಯದಿಂದಲೇ ಬರುತ್ತದೆ, ಹೆಸರು ಕಂಡು ಗಾಬರಿಯಾಗಬೇಡಿ.)

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಎಪ್ಪತ್ತು ದಾಟಿದವರಲ್ಲಿ, ಮೂತ್ರಪಿಂಡ ಕುಂದಿದವರಲ್ಲಿ, ಹೃದಯದ ಬಡಿತ ಲಯತಪ್ಪಿದವರಲ್ಲಿ ಎನ್‌ಟಿ-ಪ್ರೊಬಿಎನ್‌ಪಿ 125ನ್ನು ಮೀರುವುದು ಅಪರೂಪವಲ್ಲ. ಸ್ಥೂಲಕಾಯದವರಲ್ಲಿ ಅದು ಕಡಿಮೆಯೇ ಇರುತ್ತದೆ. ಆದ್ದರಿಂದ ದಪ್ಪ ಮೈಯವರಿಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ, ವರದಿ ಸರಿಯಿದೆಯೆಂದು ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ, ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಲೇಬೇಕು. ಅಂಕಿ ಏರಿದ್ದವರಿಗೂ ಗೋಡೆಯ ದಪ್ಪವನ್ನು ಅಳೆದು ತೋರಿಸುವುದು ಎಕೋ ಪರೀಕ್ಷೆಯೇ.

ಮರುಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲಿ ಮಾಡಿಸಿ, ಹಳೆಯ ವರದಿಯನ್ನು ಜೊತೆಗೆ ಒಯ್ಯಿರಿ.

ಎದೆ ಹಿಂಡಿದಂತಾಗಿ ಬೆವರು ಬರುತ್ತಿದ್ದರೆ ಮಾತ್ರ ಈ ಯಾವ ಕ್ರಮವೂ ಅನ್ವಯಿಸುವುದಿಲ್ಲ. ಆಗ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಹೃದಯಾಘಾತದ ಆರಂಭದಲ್ಲಿ ಮೊದಲ ಟ್ರೋಪೊನಿನ್ ಸರಿಯಾಗಿಯೇ ಬರಬಹುದಾದ್ದರಿಂದ ಅಲ್ಲಿ ಕೆಲವು ಗಂಟೆಗಳೊಳಗೆ ಮತ್ತೊಮ್ಮೆ ರಕ್ತ ತೆಗೆಯುತ್ತಾರೆ.